ಮೂರನೇ ತೋಡಿನ ಕಲ್ಲು

ಹೋದ ತಿಂಗಳು ನಮ್ಮ ಕಾಪುವಿನ ಮನೆಯ ಅಡುಗೆಕಟ್ಟೆಗೆ ಹೊಸ ಕಲ್ಲು ಹಾಸಿದರು. ಅಂಗಳದಲ್ಲಿ ಕೂತ ಕೆಲಸದವನು ನೀರು ಬಿಡುತ್ತಾ ಕಲ್ಲು ಕೊಯ್ಯತೊಡಗಿದ್ದೇ ತಡ, ಒದ್ದೆ ಕಲ್ಲಿನ ಹುಡಿಯ ವಾಸನೆ ಒಳಕೋಣೆಯ ತನಕ ಬಂತು. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ತಣ್ಣಗಿನದು, ಸ್ವಲ್ಪ ಕಬ್ಬಿಣ ಬೆರೆತಂಥದ್ದು. ಅದನ್ನು ಗುರುತಿಸಲು ನಾನು ಕಲಿತದ್ದು ಅಬುಧಾಬಿಯ ಖಾಲಿದಿಯಾದಲ್ಲಿ, ಹನ್ನೊಂದನೇ ಮಹಡಿಯ ಒಂದು ಕೋಣೆಯಲ್ಲಿ, ೨೦೧೩ರ ಬೇಸಿಗೆಯಲ್ಲಿ. ಅಲ್ಲೊಬ್ಬರು ಮುದುಕರು ಕಲ್ಲಿನ ಮೇಲೆ ಬಾಯಿಂದ ಹಬೆ ಊದಿ ಮೂಗಿಗೆ ಹಿಡಿದು, ಆಮೇಲೆ ಅದನ್ನು ನನ್ನ ಕಡೆಗೂ ಚಾಚುತ್ತಿದ್ದರು. ಆ ಬೇಸಿಗೆಯಿಡೀ ನಾನು ಅವರನ್ನು ನಂಬಲಿಲ್ಲ. ಅವರಂತೂ ನನ್ನನ್ನು ಮೊದಲ ದಿನದಿಂದಲೇ ನಂಬಿರಲಿಲ್ಲ.

ಆ ವರ್ಷ ಇವರಿಗೆ, ಅಂದರೆ ನನ್ನ ಗಂಡನಿಗೆ, ರುವೈಸ್‌ನಲ್ಲಿ ಶಟ್‌ಡೌನ್ ಇತ್ತು. ರಿಫೈನರಿಯ ಒಂದು ಘಟಕವನ್ನು ಪೂರ್ತಿ ನಿಲ್ಲಿಸಿ, ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಕೆಲಸ ಅದು. ಮುಗಿಯುವ ತನಕ ಯಾರಿಗೂ ರಜೆ ಕೊಡುವುದಿಲ್ಲ. ಗುರುವಾರ ಸಂಜೆ ಕಂಪೆನಿಯ ಬಸ್ಸಿನಲ್ಲಿ ಬಂದರೆ ಶನಿವಾರ ಸಂಜೆ ಹಿಂದಕ್ಕೆ. ಶಾಲೆಗೆ ರಜೆ ಸಿಕ್ಕಿ ನಮ್ಮ ಬಿಲ್ಡಿಂಗಿನ ಮಂಗಳೂರಿನವರು, ಕೇರಳದವರು ಎಲ್ಲ ಊರಿಗೆ ಹೋದರು. ನಾನು ಮತ್ತು ಐದನೇ ತರಗತಿಯ ಮಗಳು ಧೃತಿ ಉಳಿದೆವು. ಹೊರಗೆ ಕಾಲಿಟ್ಟರೆ ಕನ್ನಡಕಕ್ಕೆ ಮಂಜು ಕಟ್ಟುವಷ್ಟು ಸೆಕೆ. ಕೆಳಗಿನ ಹಮೀದಾಕನ ಬಕಾಲಕ್ಕೆ, ಅಂದರೆ ದಿನಸಿ ಅಂಗಡಿಗೆ, ಇಳಿದು ಬರುವುದೇ ನಮ್ಮ ತಿರುಗಾಟ.

ಹಮೀದಾಕ ಬಂಟ್ವಾಳದ ಕಡೆಯ ಬ್ಯಾರಿ. ಮದುವೆಗೆ ಮೊದಲು ನಾನು ಊರಿನ ಹೈಸ್ಕೂಲಿನಲ್ಲಿ ಆರು ವರ್ಷ ಪಾಠ ಮಾಡಿದ್ದು ಗೊತ್ತಾದ ಮೇಲೆ ಅವರಿಗೆ ನಾನು ಟೀಚರ್. ಜೂನ್ ಕೊನೆಯ ಒಂದು ಬೆಳಿಗ್ಗೆ ಅವರು ನನ್ನನ್ನು ತಡೆದು ನಿಲ್ಲಿಸಿದರು.

"ಟೀಚರೆ, ಒಂದು ಬಿಳಿ ಹೆಂಗಸು ಬಂದಿದ್ರು. ಮಲಯಾಳಿ ಹೋಟ್ಲು, ತಮಿಳರ ಅಂಗಡಿ ಎಲ್ಲ ಸುತ್ತಿ ಬಂದದ್ದಂತೆ. ಇದು ಯಾವ ಭಾಷೆ ಅಂತ ಕೇಳ್ತಾರೆ."

ಗಲ್ಲಾಪೆಟ್ಟಿಗೆಯ ಕೆಳಗಿಂದ ಅವರು ತೆಗೆದದ್ದು ಒಂದು ಜೆರಾಕ್ಸ್ ಹಾಳೆ. ಪೆನ್ಸಿಲಿನ ಗುಂಡು ಗುಂಡು ಕನ್ನಡ ಅಕ್ಷರ. ಅಂಕಿಗಳೂ ಕನ್ನಡದವು. "ಇಂದು ನೀರು ಎರಡು ಕ್ಯಾನ್. ಕುಲುಮೆ ಮಧ್ಯಾಹ್ನದ ತನಕ ಕಾಯಲಿಲ್ಲ. ಸಾಯ್ಬರಿಗೆ ಕೋಪ," ಎಂದಿತ್ತು. ಅಬುಧಾಬಿಯ ಅಂಗಡಿಯಲ್ಲಿ ನಿಂತು ಯಾರದೋ ಹಳೆಯ ದಿನಚರಿಯನ್ನು ಎರಡೆರಡು ಸಲ ಓದಿದೆ.

ಆ ಹೆಂಗಸು ಕರೀನ್. ಐವತ್ತರ ಆಸುಪಾಸು, ಕಟ್ಟಡಗಳ ನಕ್ಷೆ ತೆಗೆಯುವ ಕೆಲಸ. ನಮ್ಮಿಂದ ಎರಡು ರಸ್ತೆ ಆಚೆ ಮನೆ. ತಾಯಿ ತೀರಿಕೊಂಡ ಮೇಲೆ ತಂದೆಯನ್ನು ಸ್ವೀಡನ್ನಿನಿಂದ ಕರೆತಂದು ಇಟ್ಟುಕೊಂಡಿದ್ದಳು. ತಂದೆ ಡಾಕ್ಟರ್ ಆರ್ವಿಡ್ ಸ್ಟೆನ್‌ಹಾಗ್. ರೋಗಿಗಳನ್ನು ನೋಡುವ ಡಾಕ್ಟರಲ್ಲ. ರಸಾಯನಶಾಸ್ತ್ರ ಓದಿ, ಖನಿಜಗಳ ಬೆನ್ನು ಹತ್ತಿದವರು. ನಾನೂ ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು ಎಂದಾಗ ಕರೀನಳ ಮುಖ ಅರಳಿತು. ಮುದುಕರ ಮುಖ ಅರಳಲಿಲ್ಲ.

"ನಿಮಗೆ ಈ ಭಾಷೆ ಓದಲು ಬರುತ್ತದೆ ಎಂಬುದಕ್ಕೆ ಪುರಾವೆ ಏನು?" ಎಂಬುದು ಅವರು ಕೇಳಿದ ಮೊದಲ ಪ್ರಶ್ನೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

"ಆರು ವರ್ಷ ಮಕ್ಕಳಿಗೆ ಕಲಿಸಿದ್ದೇನೆ."

"ಅದು ನೀವು ಹೇಳುವ ಮಾತು. ಪುರಾವೆ ಅಲ್ಲ."

ಎತ್ತರದ ಆಳು, ಬೆನ್ನು ಬಾಗಿತ್ತು. ಕೈ ಬೆರಳುಗಳ ಮೇಲೆ ಆ್ಯಸಿಡ್ ಸುಟ್ಟ ಕಂದು ಕಲೆಗಳು. ಕೋಣೆಯ ಮೂಲೆಯಲ್ಲೊಂದು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಖಾಕಿ ರಟ್ಟಿನ ಏಳು ಉದ್ದ ಪುಸ್ತಕಗಳು. ಪುಸ್ತಕವನ್ನು ಅವರು ನನ್ನ ಕೈಗೆ ಕೊಡುತ್ತಿರಲಿಲ್ಲ. ಒಂದು ದಿನಕ್ಕೆ ಎರಡು ಪುಟದ ಜೆರಾಕ್ಸ್. ನಾನು ಓದಿ ಇಂಗ್ಲಿಷಿನಲ್ಲಿ ಹೇಳಬೇಕು, ಅವರು ಬರೆದುಕೊಳ್ಳುವರು, ಹೊರಡುವಾಗ ಹಾಳೆ ಹಿಂದಕ್ಕೆ.

ತಾನು ಆತ್ಮಕಥೆ ಬರೆಯುತ್ತಿದ್ದೇನೆ, ಹುಟ್ಟೂರಿನ ಮ್ಯೂಸಿಯಂನವರು ಕೇಳಿದ್ದಾರೆ, ಅಂದರು. ಈ ಪುಸ್ತಕಗಳು ಮೂವತ್ತೈದು ವರ್ಷದ ಹಿಂದೆ ದುಬೈಯಲ್ಲಿ ತನ್ನ ಲ್ಯಾಬ್ ಅಸಿಸ್ಟೆಂಟ್ ಆಗಿದ್ದ ಅಚ್ಯುತ ಶೆಟ್ಟಿಗಾರ್ ಎಂಬವನು ಬರೆದದ್ದು. ಆ ದಿನಗಳು ನೆನಪಿಗೆ ಬರಲಿ ಎಂದು ಓದಿಸುವುದು. ಅವುಗಳಲ್ಲಿ ಬರುವ ಸಾಯ್ಬರು ಡಾಕ್ಟರೇ.

"ಅವರು ಈಗ ಎಲ್ಲಿದ್ದಾರೆ?"

"ತೀರಿಕೊಂಡಿರಬೇಕು," ಎಂದು ಡಾಕ್ಟರ್ ಕಿಟಕಿಯ ಕಡೆ ನೋಡಿದರು.

ಗುರುವಾರ ಸಂಜೆ ಬಸ್ಸಿಳಿದು ಬಂದ ಇವರಿಗೆ ಎಲ್ಲ ಹೇಳಿದೆ. ಬೂಟು ಬಿಚ್ಚುತ್ತಿದ್ದವರು ಅಲ್ಲೇ ನಿಲ್ಲಿಸಿದರು.

"ತೀರಿಕೊಂಡಿರಬೇಕು ಅಂದ್ರೆ ಎಂತ ಮಾರಾಯ್ತಿ? ಸತ್ತದ್ದಾ ಇಲ್ವಾ ಗೊತ್ತಿಲ್ಲದವ್ರ ಡೈರಿ ಓದುದಾ? ಮತ್ತೆ, ಅವನ ಪುಸ್ತಕ ಇವರ ಹತ್ರ ಯಾಕುಂಟು? ಮೂವತ್ತೈದು ವರ್ಷ ಬೀಗ ಹಾಕಿ ಇಟ್ಟು ಈಗ ಯಾಕೆ?"

"ನನಗೇನು ಗೊತ್ತು?"

"ಓದುದು ಓದು. ದುಡ್ಡು ಮಾತ್ರ ಮುಟ್ಟಬೇಡ. ನೀನಿರುವುದು ನನ್ನ ವೀಸಾದಲ್ಲಿ. ಕೆಲಸ ಮಾಡ್ತಾ ಇದ್ದಾಳೆ ಅಂತ ಯಾರಾದ್ರು ಹೇಳಿದ್ರೆ ನಾವು ಮೂರೂ ಜನ ಊರಿಗೆ."

ಹಾಗೆ ನಾನು ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರತೊಡಗಿದೆ. ಜುಲೈಯಲ್ಲಿ ರಂಜಾನ್ ಶುರುವಾಯಿತು. ಹಗಲು ಊರಿಗೆ ಊರೇ ಸದ್ದಡಗಿ ಮಲಗಿದ ಹಾಗೆ. ಡಾಕ್ಟರು ಪರದೆ ಎಳೆದುಕೊಂಡು ಕಾಫಿ ಕುಡಿಯುವರು. ಧೃತಿ ಒಂದು ಮೂಲೆಯಲ್ಲಿ ಅವರ ಕಲ್ಲಿನ ಪೆಟ್ಟಿಗೆಗಳ ಮುಂದೆ ಕೂರುವಳು. ಓದು ಮುಗಿದ ಮೇಲೆ ಅವರು ಕೆಲವೊಮ್ಮೆ ತನ್ನ ಕಥೆ ಹೇಳುತ್ತಿದ್ದರು. ಮಗಳ ಹತ್ತಿರ ಹೇಳಿದ್ದಕ್ಕಿಂತ ಹೆಚ್ಚು ನನಗೆ ಹೇಳಿದರು ಅನಿಸುತ್ತದೆ. ಹೊರಗಿನವಳಲ್ಲವೇ, ಕೇಳಿ ಹೋಗುವವಳು.

ಸ್ವೀಡನ್ನಿನ ಉತ್ತರದ ತುದಿಯ ಗಣಿಯೂರಿನಲ್ಲಿ ಹುಟ್ಟಿದವರು. ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಏಳದ ಊರು. ತಂದೆ ಕಬ್ಬಿಣದ ಗಣಿಯಲ್ಲಿ ಬಂಡೆಗೆ ಸಿಡಿಮದ್ದು ಇಡುವವನು. ಸಂಜೆ ಬರುವಾಗ ಊಟದ ಡಬ್ಬಿಯಲ್ಲಿ ಮಗನಿಗೆ ಒಂದೊಂದು ಕಲ್ಲು ತರುತ್ತಿದ್ದ. ಆ ಕಲ್ಲುಗಳೇ ಅವರನ್ನು ಉಪ್ಸಾಲಾಕ್ಕೆ ಓದಲು ಕರೆದೊಯ್ದವು. ನಿಕಲ್ ಇರುವ ಹಸಿರು ಕಲ್ಲುಗಳ ಮೇಲೆ ಡಾಕ್ಟರೇಟು ಮಾಡಿದರು. ನಲವತ್ತು ದಾಟಿದಾಗ, ನೀರು ಮತ್ತು ಖನಿಜ ಹುಡುಕುವ ಒಂದು ಸರ್ವೆ ತಂಡದ ಕೆಮಿಸ್ಟ್ ಆಗಿ ದುಬೈಗೆ ಬಂದರು. ಈಗ ಹೋಟೆಲು, ಅಂಗಡಿಗಳು ಕಿಕ್ಕಿರಿದಿರುವ ಅಲ್ ಮುರಕ್ಕಬಾತಿನಲ್ಲಿ ಆಗ ಬಯಲಿನ ನಡುವೆ ಒಂದು ಬಾಡಿಗೆ ಮನೆ. ಅದರ ಹಿಂದಿನ ಎರಡು ಕೋಣೆಯೇ ಲ್ಯಾಬ್. ಅಚ್ಯುತ ಮುಂಬೈಯ ಯಾವುದೋ ಕಾರ್ಖಾನೆಯಲ್ಲಿ ಕಲಿತು ಬಂದಿದ್ದ. ಕಲ್ಲು ಹುಡಿ ಮಾಡುವುದು, ತೂಗುವುದು, ಕುಲುಮೆಯಲ್ಲಿ ಸುಡುವುದು ಅವನ ಕೆಲಸ.

ಮಸಾಫಿಯ ಆಚೆಯ ಗುಡ್ಡಗಳಲ್ಲಿ ಅವರಿಗೊಂದು ಹೊಸ ಖನಿಜ ಸಿಕ್ಕಿತು. ಪುಸ್ತಕಗಳಲ್ಲಿ ಇಲ್ಲದ್ದು. ಪಾಚಿ ಬಣ್ಣ, ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೆದು. ಅದಕ್ಕೆ ತನ್ನ ಹುಟ್ಟೂರಿನ ಹೆಸರಿಟ್ಟರು. ಆ ಹೆಸರಿಗೆ ನನ್ನ ನಾಲಿಗೆ ಇವತ್ತಿಗೂ ಹೊರಳುವುದಿಲ್ಲ; ನಮ್ಮ ಮನೆಯಲ್ಲಿ ಅದು ಬರೀ ಹಸಿರು ಕಲ್ಲು. ಆ ಒಂದು ಲೇಖನದಿಂದ ಪ್ರೊಫೆಸರ್ ಆದರು, ಪದಕ ಬಂತು. ಆಮೇಲೆ ಬೇರೆಯವರು ಹುಡುಕಿಕೊಂಡು ಬಂದರು. ಯಾರಿಗೂ ಸಿಗಲಿಲ್ಲ. ಒಂದಲ್ಲ, ಮೂರು ತಂಡ. ಕೊನೆಗೆ ಖನಿಜಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಬಿತ್ತು. ಸ್ಟೆನ್‌ಹಾಗ್ ಬೇರೆಲ್ಲಿಂದಲೋ ತಂದ ಕಲ್ಲನ್ನು ಇಲ್ಲಿಯದೆಂದು ಬರೆದಿದ್ದಾನೆ ಎಂದು ಜನ ಮಾತಾಡಿಕೊಂಡರು. ಉಳಿದ ವರ್ಷವೆಲ್ಲ ಅವರು ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಾ ನಿವೃತ್ತರಾದರು.

"ಪ್ರಶ್ನೆ ಚಿಹ್ನೆ," ಎಂದು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ್ದರು.

ನನಗೆ ಅಯ್ಯೋ ಅನಿಸಿತ್ತು. ಆದರೆ ಆ ಅಯ್ಯೋ ಬಹಳ ದಿನ ಉಳಿಯಲಿಲ್ಲ. ಒಂದು ದಿನ ನನ್ನ ಮುಂದಿಟ್ಟ ಪುಟ, ಮೂರು ವಾರದ ಹಿಂದೆ ನಾನು ಓದಿ ಹೇಳಿದ್ದೇ ಪುಟ. ಮೂಲೆಯಲ್ಲಿ ಅದೇ ಚಹಾದ ಕಲೆ. ನಾನು ಸುಮ್ಮನೆ ಮತ್ತೊಮ್ಮೆ ಓದಿದೆ. ಅವರು ಹಳೆಯ ನೋಟ್ಸ್ ಪಕ್ಕದಲ್ಲಿಟ್ಟುಕೊಂಡು ಸಾಲಿನಿಂದ ಸಾಲಿಗೆ ಪೆನ್ಸಿಲ್ ಚುಕ್ಕೆ ಇಡುತ್ತಾ ಹೋದರು. ಲಿಫ್ಟಿನಲ್ಲಿ ಇಳಿಯುವಾಗ ಧೃತಿ ಅಂದಳು, "ಅಮ್ಮಾ, ಹೀ ಈಸ್ ಚೆಕಿಂಗ್ ಯು."

ಪುಟಗಳನ್ನು ಅವರು ಸಾಲಾಗಿ ಕೊಡುತ್ತಿರಲಿಲ್ಲ. ಈ ಪುಸ್ತಕದಿಂದ ಒಂದು, ಆ ಪುಸ್ತಕದಿಂದ ಒಂದು. ಅಡುಗೆಯ ಮಾತು, ಊರಿನ ಕಾಗದದ ಮಾತು ಬಂದರೆ ಬೆರಳಾಡಿಸಿ ಮುಂದೆ ಎನ್ನುವರು. ಆತ್ಮಕಥೆಗೆ ಬೇಕಾದದ್ದು ಅವೇ ಅಲ್ಲವೇ? ಡಾಕ್ಟರು ನೆನಪನ್ನಲ್ಲ, ಬೇರೇನೋ ಒಂದನ್ನು ಹುಡುಕುತ್ತಿದ್ದಾರೆ ಎಂದು ನನಗೆ ಅನುಮಾನ ಹತ್ತಿತು.

ಜುಲೈ ಕೊನೆಯಲ್ಲಿ ಒಂದು ಸಾಲು ಬಂತು. "ತೋಡು ಮೂರರ ಕಲ್ಲು ಹುಡಿ ಮಾಡಿ ತೂಗಿ ಇಟ್ಟೆ."

"ಏನೆಂದಿರಿ?" ಡಾಕ್ಟರು ಮುಂದಕ್ಕೆ ಬಾಗಿದರು. "ತೋಡು ಎಂಬ ಊರಿನಿಂದ ತಂದ ಕಲ್ಲು, ಅಲ್ಲವೇ?"

"ಊರಲ್ಲ. ತೋಡು ಅಂದರೆ ಸಣ್ಣ ಹಳ್ಳ, ನೀರು ಹರಿಯುವ ಕಣಿವೆ. ನಮ್ಮ ಕಡೆ ಪ್ರತಿ ಮನೆಯ ಪಕ್ಕ ಒಂದಿರುತ್ತದೆ. ಮೂರನೇ ಹಳ್ಳದ ಕಲ್ಲು ಎಂದು ಬರೆದಿದ್ದಾರೆ."

ಅವರ ಕೈಯ ಪೆನ್ಸಿಲ್ ನಿಂತಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಆಗ ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಅವರ ಆ ಪ್ರಸಿದ್ಧ ಲೇಖನದ ಮೊದಲ ಪುಟವನ್ನು ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಎಷ್ಟೋ ಸಲ ನೋಡಿದ್ದೆ, ಓದಿರಲಿಲ್ಲ. ಈಗ ಓದಿದೆ. ‘ತೋಡು ಎಂಬಲ್ಲಿ ಲೇಖಕನು ಸ್ವತಃ ಸಂಗ್ರಹಿಸಿದ ಮಾದರಿ’ ಎಂದಿತ್ತು.

ಸ್ವತಃ ಹೋಗಿ ಕಲ್ಲು ಹೆಕ್ಕಿದವನಿಗೆ ತಾನು ನಿಂತದ್ದು ಊರಿನಲ್ಲೋ ಹಳ್ಳದಲ್ಲೋ ಗೊತ್ತಿರುವುದಿಲ್ಲವೇ? ಮೂವತ್ತೈದು ವರ್ಷ ಎಲ್ಲ ದೇಶದವರೂ ಆ ಗುಡ್ಡದ ಅರಬರ ಹತ್ತಿರ ತೋಡು ಎಲ್ಲಿ, ತೋಡು ಎಲ್ಲಿ ಎಂದು ಕೇಳುತ್ತಾ ತಿರುಗಿದ್ದಾರೆ. ಡಾಕ್ಟರು ಅಲ್ಲಿಗೆ ಹೋಗಿಯೇ ಇರಲಿಲ್ಲ. ಕಲ್ಲು ಹೆಕ್ಕಿ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ತೋಡು ಎಂದು ಚೀಟಿ ಬರೆದು ಅಂಟಿಸಿದ್ದು ಅಚ್ಯುತ.

ಅವರು ತಿರುಗಿದಾಗ ನಾನು ಹಾಳೆ ನೋಡುತ್ತಾ ಕೂತಿದ್ದೆ.

ಮುಂದಿನ ವಾರ ಬಂದ ಪುಟವನ್ನು ನಾನು ಮರೆಯುವ ಹಾಗಿಲ್ಲ. ಅಕ್ಷರ ಸ್ವಲ್ಪ ಅಲುಗಿತ್ತು.

"ಪ್ಲಾಟಿನಂ ಮೂಸೆ ಕಾಣುವುದಿಲ್ಲ. ಎಲ್ಲ ಕಡೆ ಹುಡುಕಿದೆ. ಸಾಯ್ಬರು ಮಾತಾಡಲಿಲ್ಲ. ಮಧ್ಯಾಹ್ನ ನನ್ನ ಟ್ರಂಕು ತೆಗೆಸಿದರು. ಅಂಗಿ, ಲುಂಗಿ, ಮಗುವಿಗೆಂದು ತೆಗೆದಿಟ್ಟ ಫ್ರಾಕು, ಎಲ್ಲ ನೆಲದ ಮೇಲೆ. ಡ್ರೈವರ್ ನೋಡುತ್ತಿದ್ದ. ಸಿಗಲಿಲ್ಲ. ಸಿಗಲಿಲ್ಲವಾದ್ದರಿಂದ ನಾನು ಮಾರಿದ್ದೇನೆ ಎಂದಾಯಿತು. ನಾಳೆ ಪಾಸ್‌ಪೋರ್ಟ್ ಕೊಡುತ್ತಾರಂತೆ."

ಮೂಸೆ ಎಂದರೆ ಕಲ್ಲಿನ ಹುಡಿಯನ್ನು ಹಾಕಿ ಕುಲುಮೆಯಲ್ಲಿ ಕಾಯಿಸುವ ಸಣ್ಣ ಬಟ್ಟಲು. ಪ್ಲಾಟಿನಂ ಆದ್ದರಿಂದ ಬಂಗಾರಕ್ಕೂ ಕಡಿಮೆಯಿಲ್ಲದ ವಸ್ತು. ನಾನು ಇಂಗ್ಲಿಷಿನಲ್ಲಿ ಒಂದೊಂದೇ ಸಾಲು ಹೇಳಿದೆ. ಫ್ರಾಕಿನ ಸಾಲು ಹೇಳಿ ಅವರ ಮುಖ ನೋಡಿದೆ.

"ಸಾಕು," ಅಂದರು ಡಾಕ್ಟರು. "ಅದು ನಮಗೆ ಬೇಡ. ಮುಂದಿನದು."

ಶುಕ್ರವಾರ ಇವರಿಗೆ ಅದನ್ನು ಹೇಳಿದೆ. "ನಾಳೆ ನಿನ್ನ ಬ್ಯಾಗನ್ನು ಸಹ ನೋಡಿಯಾರು. ಖಲಾಸ್ ಮಾಡು, ಇನ್ನು ಹೋಗಬೇಡ," ಅಂದರು.

ಆದರೂ ಹೋದೆ. ಆ ಪುಸ್ತಕಗಳಲ್ಲಿ ಉಳಿದದ್ದು ಓದದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮಂಗಳವಾರ ಡಾಕ್ಟರು ಇಟ್ಟ ಪುಟದಲ್ಲಿ ಅವರು ಬೇಸಿಗೆಯಿಡೀ ಹುಡುಕುತ್ತಿದ್ದದ್ದು ಇತ್ತು.

"ಸಾಯ್ಬರಿಗೆ ಜ್ವರ. ಮಸಾಫಿಯ ಬಂಗಲೆಯಲ್ಲಿ ಮಲಗಿದರು. ನಾನೂ ಡ್ರೈವರೂ ಹೋದದ್ದು. ದೊಡ್ಡ ತೋಡಿನಲ್ಲಿ ಹನ್ನೊಂದು ಮೈಲು, ಬಲಕ್ಕೆ ಮೂರನೇ ಅಡ್ಡ ತೋಡು. ಅದರ ಬಾಯಲ್ಲಿ ಮೂರು ಬೋರೆ ಮರ. ಒಳಗೆ ಆಡಿನ ದೊಡ್ಡಿ. ದೊಡ್ಡಿಯ ಹಿಂದಿನ ಬಂಡೆಯಲ್ಲಿ ಗದ್ದೆ ಬದುವಿನ ಪಾಚಿಯ ಹಾಗೆ ಹಸಿರು ಗೆರೆ. ಚಂದ ಕಂಡಿತು, ಒಂದು ತುಂಡು ತಂದೆ."

ಡಾಕ್ಟರು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಇದನ್ನು ಹೇಳಿದರೆ ಅವರು ಹೋಗಿ ಕಲ್ಲು ತಂದು, ಪ್ರಶ್ನೆ ಚಿಹ್ನೆ ಅಳಿಸಿಕೊಂಡು, ಆತ್ಮಕಥೆಯಲ್ಲಿ ಮತ್ತೆ ಸ್ವತಃ ಎಂದೇ ಬರೆಯುತ್ತಾರೆ ಎಂದು ನನಗೆ ಖಂಡಿತ ಅನಿಸಿತು.

"ಸಾಮಾನಿನ ಪಟ್ಟಿ," ಅಂದೆ. "ಅಕ್ಕಿ, ಈರುಳ್ಳಿ, ಸೀಮೆಎಣ್ಣೆ. ಬೇರೇನಿಲ್ಲ."

ಅವರು ಅದನ್ನು ಬರೆದುಕೊಂಡರು. ಅಕ್ಕಿ, ಈರುಳ್ಳಿ, ಸೀಮೆಎಣ್ಣೆ.

ಎರಡು ದಿನ ಬಿಟ್ಟು ಹೋದಾಗ ಕರೀನ್ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದಳು. ನನಗೆ ನೀರು ಕೊಡಲಿಲ್ಲ, ಕೂರಲು ಹೇಳಲಿಲ್ಲ. ಧೃತಿ ನನ್ನ ಕೈ ಹಿಡಿದುಕೊಂಡಳು.

"ಮಂಗಳವಾರದ ಪುಟದಲ್ಲಿ ಏನಿತ್ತು?" ಡಾಕ್ಟರು ಕೇಳಿದರು.

"ಹೇಳಿದೆನಲ್ಲ."

"ಮೂರು ಮರ ಇರಲಿಲ್ಲವೇ? ಆಡಿನ ದೊಡ್ಡಿ?" ಅವರ ದನಿ ಏರಲಿಲ್ಲ. "ನೀವು ಸುಳ್ಳು ಹೇಳಿದಿರಿ."

ಆ ಪುಟವನ್ನು ಅವರು ಇನ್ಯಾರಿಂದಲೋ ಓದಿಸಿದ್ದಾರೆ ಎಂದು ತಿಳಿಯಿತು. ಯಾರೆಂದು ಗೊತ್ತಾದದ್ದು ಸಂಜೆ. ಹಮೀದಾಕನ ಅಂಗಡಿಯಿಂದ ನೀರಿನ ಕ್ಯಾನ್ ಹೊತ್ತು ಮನೆಮನೆಗೆ ಹೋಗುವ ಸಿದ್ದೀಕ್, ನಲವತ್ತು ದಾಟಿದ ಮನುಷ್ಯ, ಊರಲ್ಲಿ ಏಳನೇ ಕ್ಲಾಸು ಕನ್ನಡ ಓದಿದವನು. "ಹೋದಾಗಲೆಲ್ಲ ಒಂದು ಕಾಗದ ಕೊಟ್ಟು ಓದು ಅಂತಾರೆ, ಓದ್ತೇನೆ. ಬರುವಷ್ಟು ಹಿಂದಿ, ಇಂಗ್ಲಿಷು ಸೇರಿಸಿ ಹೇಳ್ತೇನೆ. ನಿಮ್ಮದು ಸುಳ್ಳಾಗ್ತದೆ ಅಂತ ನನಗೆಂತ ಗೊತ್ತು ಟೀಚರೆ?" ಅಂದಿದ್ದ, ನಿಜಕ್ಕೂ ಬೇಸರದಿಂದ.

ಆದರೆ ಆ ಗಳಿಗೆಯಲ್ಲಿ ನನಗೆ ನಾಚಿಕೆಗಿಂತ ಸಿಟ್ಟೇ ಮುಂದೆ ಬಂತು.

"ಹೌದು, ಸುಳ್ಳು ಹೇಳಿದೆ," ಅಂದೆ. "ಗೋಡೆಯ ಮೇಲಿರುವುದು ಏನು?"

ಕರೀನ್ ಗೋಡೆಯ ಕಡೆ ನೋಡಿದಳು, ತಂದೆಯ ಕಡೆ ನೋಡಿದಳು. ಅವರ ಭಾಷೆಯಲ್ಲಿ ಏನೋ ಕೇಳಿದಳು. ಅವರು ಕುರ್ಚಿ ಎಳೆದು ಕೂತರು. ನನಗೂ ಅರ್ಥವಾಗಲಿ ಎಂದೋ ಏನೋ, ಇಂಗ್ಲಿಷಿನಲ್ಲೇ ಮಾತಾಡಿದರು.

"ನಾನು ಹೋಗಿರಲಿಲ್ಲ. ಜ್ವರ ಬಂದಿತ್ತು. ಸಹಾಯಕ ತಂದ ಕಲ್ಲು ಎಂದು ಬರೆದರೆ ತೂಕ ಕಡಿಮೆಯಾಗುತ್ತದೆ ಎಂದುಕೊಂಡೆ. ಆಮೇಲೆ ಯಾರಿಗೂ ಸಿಗದಿದ್ದಾಗ, ಅಚ್ಯುತ ಬೇರೆಲ್ಲಿಯದೋ ಕಲ್ಲು ತಂದು ಮೋಸ ಮಾಡಿದ್ದಾನೆ ಎಂದುಕೊಂಡೆ. ಮೂವತ್ತೈದು ವರ್ಷ ಹಾಗೇ ಅಂದುಕೊಂಡಿದ್ದೇನೆ."

"ಮೂಸೆ?" ನಾನು ಕೇಳಿದೆ.

"ಸಿಕ್ಕಿತು." ತಲೆ ಎತ್ತಲಿಲ್ಲ. "ಅವನು ಹೋಗಿ ಕೆಲವು ತಿಂಗಳಿಗೆ ಕುಲುಮೆ ಬಿಚ್ಚಿದೆವು. ಹಿಂದಿನ ಇಟ್ಟಿಗೆಯ ಸಂದಿಯಲ್ಲಿ ಬಿದ್ದಿತ್ತು."

"ಅವರಿಗೆ ತಿಳಿಸಿದಿರಾ?"

"ಅವನ ವಿಳಾಸ ಇರಲಿಲ್ಲ. ಲ್ಯಾಬಿನಲ್ಲಿ ಅವನು ಬಿಟ್ಟುಹೋದ ಈ ಪುಸ್ತಕಗಳು ಮಾತ್ರ ಇದ್ದವು."

ಕರೀನ್ ಹೋಗಿ ಪೆಟ್ಟಿಗೆಯ ಬೀಗ ತೆಗೆದಳು. ಮೊದಲ ಬಾರಿ ಆ ಪುಸ್ತಕಗಳು ನನ್ನ ಕೈಗೆ ಬಂದವು. ಏಳೂ ಪುಸ್ತಕಗಳ ಮೊದಲ ಪುಟದಲ್ಲಿ ಚಂದದ ಅಕ್ಷರದಲ್ಲಿ ಬರೆದಿತ್ತು: ಅಚ್ಯುತ ಶೆಟ್ಟಿಗಾರ್, ತಂದೆಯ ಹೆಸರು, ಕಿನ್ನಿಗೋಳಿ ಅಂಚೆ. ಗಟ್ಟಿಯಾಗಿ ಓದಿದೆ.

"ನನಗೆ ಓದಲು ಬರುತ್ತಿರಲಿಲ್ಲ," ಅಂದರು ಡಾಕ್ಟರು.

"ಯಾರಿಂದಲಾದರೂ ಓದಿಸಬಹುದಿತ್ತು."

"ಓದಿಸಿದ್ದರೆ ಉಳಿದದ್ದನ್ನೂ ಅವರು ಓದುತ್ತಿದ್ದರು."

ಕರೀನ್ ಬಂದು ನನಗೆ ಒಂದು ಲೋಟ ನೀರು ಕೊಟ್ಟಳು. ಸುಳ್ಳು ಹೇಳಿದ್ದಕ್ಕೆ ನಾನು ಕ್ಷಮೆ ಕೇಳಿದೆ. ಡಾಕ್ಟರು ಕ್ಷಮೆ ಕೇಳಲಿಲ್ಲ, ಅವರು ಕೇಳಬೇಕಾದ ಮನುಷ್ಯ ನಾನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸೆಪ್ಟೆಂಬರಿನ ಕೊನೆಗೆ ಸೆಕೆ ಸ್ವಲ್ಪ ಮುರಿಯಿತು, ಇವರ ಶಟ್‌ಡೌನೂ ಮುಗಿಯಿತು. ಒಂದು ಶುಕ್ರವಾರ ಕರೀನಳ ಕಾರಿನಲ್ಲಿ ಮಸಾಫಿಗೆ ಹೊರಟೆವು. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಇವರೂ ಬಂದರು. ದಾರಿಯುದ್ದಕ್ಕೂ ಮುದುಕರನ್ನು ಕನ್ನಡಿಯಲ್ಲಿ ನೋಡುತ್ತಿದ್ದರು. ಬೆಟ್ಟ ಹತ್ತಿರವಾದ ಹಾಗೆ ಎದುರಿನಿಂದ ಕಲ್ಲು ತುಂಬಿದ ಲಾರಿಗಳು, ಒಂದರ ಹಿಂದೆ ಒಂದು. ಮಸಾಫಿಯಿಂದ ಮೈಲು ಎಣಿಸಿಕೊಂಡು ನಾನು ಅಚ್ಯುತರ ಸಾಲು ಓದುತ್ತಾ ಹೋದೆ. ಒಂದನೇ ಅಡ್ಡ ತೋಡು, ಎರಡನೆಯದು. ಮೂರನೆಯದರ ಬಾಯಲ್ಲಿ ಎರಡು ಬೋರೆ ಮರ ಉಳಿದಿದ್ದವು, ಎಲೆಯ ಮೇಲೆಲ್ಲ ಬಿಳಿ ಹುಡಿ. ಆಚೆ ಕಬ್ಬಿಣದ ಗೇಟು. ಗೇಟಿನಾಚೆ ಕಣಿವೆಯೂ ಇರಲಿಲ್ಲ, ಬಂಡೆಯೂ ಇರಲಿಲ್ಲ. ಆಕಾಶದಷ್ಟಗಲದ ಗುಂಡಿ; ಅದರ ತಳದಲ್ಲಿ ಕಲ್ಲು ಒಡೆಯುವ ಯಂತ್ರಗಳು.

ಗೇಟು ಕಾಯುವ ಪಠಾಣ ಬಂದ. ಇವರು ಹಿಂದಿಯಲ್ಲಿ ಕೇಳಿದರು. ಅವನು ಕೈ ಬೀಸಿ, "ಜಬಲ್ ಖಲಾಸ್," ಅಂದ. ಬೆಟ್ಟ ಮುಗಿಯಿತು. "ಸಬ್ ಸಮುಂದರ್ ಮೇ ಗಯಾ. ದುಬೈ, ಅಬುಧಾಬಿ." ಸಮುದ್ರ ತುಂಬಿಸಿ ನೆಲ ಮಾಡಲು, ಅಲೆ ತಡೆಯುವ ಗೋಡೆ ಕಟ್ಟಲು, ಎಲ್ಲ ಲಾರಿಯಲ್ಲಿ ಹೋಗಿತ್ತು.

ಡಾಕ್ಟರು ನಿಧಾನ ಬಗ್ಗಿ ಗೇಟಿನ ಬುಡದಿಂದ ಬೂದು ಬಣ್ಣದ ಒಂದು ಚೂರು ಹೆಕ್ಕಿ, ಹಬೆ ಊದಿ ಮೂಸಿದರು. ಅದು ಅವರ ಹಸಿರು ಕಲ್ಲಲ್ಲ. ಮಗಳ ಕೈ ಹಿಡಿದು ಕಾರಿನ ತನಕ ಬಂದವರು, ಒಳಗೆ ಕೂರುವ ಮೊದಲು ಇವರ ಕಡೆ ತಿರುಗಿ, "ಅವನು ಬರೆದ ಹಾಗೇ ಇದೆ, ಅಲ್ಲವೇ? ಹನ್ನೊಂದು ಮೈಲು, ಮೂರನೆಯದು, ಮರಗಳು," ಅಂದರು. ಇವರು ಹೌದು ಅಂದರು. ಅಷ್ಟು ಹೊತ್ತು ಸಂಶಯದಿಂದ ನೋಡುತ್ತಿದ್ದ ಇವರೇ ಮುದುಕರ ಸೀಟ್ ಬೆಲ್ಟು ಹಾಕಿ ಕೊಟ್ಟರು.

ಆ ಹೊತ್ತಿಗೆ ಹಮೀದಾಕ, ನಾನು ಕೊಟ್ಟ ಅಚ್ಯುತರ ವಿಳಾಸ ಹಿಡಿದು ಊರಲ್ಲಿ ವಿಚಾರಿಸಿದ್ದರು. ಅವರ ಅಳಿಯನ ಅಂಗಡಿ ಕಿನ್ನಿಗೋಳಿಯಲ್ಲಿ. "ಟೀಚರೆ, ನಿಮ್ಮ ಜನ ಬದುಕಿದ್ದಾರೆ. ಸೋಡಾ ಫ್ಯಾಕ್ಟರಿ ಉಂಟಂತೆ," ಎಂದು ನಂಬರ್ ಕೊಟ್ಟರು. ಆವತ್ತೇ ಫೋನು ಮಾಡಿದೆ.

"ಏರ್ ಪಾತೆರುನಿ?" ಯಾರು ಮಾತಾಡುವುದು ಎಂದಿತು ಒಂದು ಒರಟು ದನಿ.

ತುಳುವಿನಲ್ಲೇ ಎಲ್ಲ ವಿವರಿಸಿದೆ. ಅಬುಧಾಬಿ, ಸ್ಟೆನ್‌ಹಾಗ್, ನೀವು ತಂದ ಹಸಿರು ಕಲ್ಲು, ಅದು ಎಂಥ ದೊಡ್ಡ ಸಂಗತಿ ಎಂದೆಲ್ಲ.

"ಕಲ್ಲಾ? ಯಾವ ಕಲ್ಲು?" ಅಂದರು. ಅವರಿಗೆ ನೆನಪೇ ಇರಲಿಲ್ಲ. ಆಮೇಲೆ, "ಆ ಮೂಸೆ ಸಿಕ್ಕಿತಂತಾ?" ಎಂದು ಕೇಳಿದರು.

"ಸಿಕ್ಕಿತಂತೆ. ಕುಲುಮೆಯ ಇಟ್ಟಿಗೆ ಸಂದಿಯಲ್ಲಿ."

"ಫೋನಲ್ಲಿ ಹೇಳಿದ್ರೆ ಯಾರು ನಂಬ್ತಾರೆ? ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ. ಬರಹದಲ್ಲಿ ಬೇಕು. ಅವರ ಸೈನು ಬೇಕು," ಎಂದು ಫೋನಿಟ್ಟರು.

ಡಾಕ್ಟರು ಬರೆದ ಮೊದಲ ಕಾಗದ ನಾಲ್ಕು ಪುಟ. ಖನಿಜದ ರಚನೆ, ನಿಕಲ್, ವಿಜ್ಞಾನಕ್ಕೆ ಅಚ್ಯುತರ ಕೊಡುಗೆ. "ಇದರಲ್ಲಿ ಮೂಸೆ ಎಲ್ಲಿದೆ?" ಎಂದು ಹಿಂದಕ್ಕೆ ಕೊಟ್ಟೆ. ಎರಡನೆಯದರಲ್ಲಿ ಮೂಸೆ ಕೊನೆಯ ಸಾಲಿನಲ್ಲಿತ್ತು. ಅದನ್ನೂ ಹಿಂದಕ್ಕೆ ಕೊಟ್ಟೆ. ಮೂರನೆಯದು ಕೈಯಲ್ಲಿ ಬರೆದ ಅರ್ಧ ಪುಟ. ಅದನ್ನು ಲಕೋಟೆಗೆ ಹಾಕುವಾಗ ಅವರು, "ಪತ್ರಿಕೆಗೂ ತಿದ್ದುಪಡಿ ಕಳಿಸಿದ್ದೇನೆ. ನೀವು ನಂಬುವುದಿಲ್ಲ ಎಂದು ಗೊತ್ತು," ಅಂದರು. ನಿಜ, ನಾನು ನಂಬಿರಲಿಲ್ಲ. ಮುಂದಿನ ವರ್ಷ ಅವರು ಹೃದಯದ ತೊಂದರೆಯಿಂದ ತೀರಿಕೊಂಡು ಎರಡು ತಿಂಗಳಿಗೆ, ಕರೀನ್ ಆ ಅಚ್ಚಾದ ಪುಟ ಕಳಿಸಿದಳು. ಸಂಗ್ರಹಿಸಿದವರು ಅಚ್ಯುತ ಶೆಟ್ಟಿಗಾರ್, ಲೇಖಕನು ಆ ಸ್ಥಳಕ್ಕೆ ಹೋಗಿರಲಿಲ್ಲ ಎಂದು ಸ್ಪಷ್ಟವಾಗಿತ್ತು. ಅವರು ಇದ್ದಾಗಲೇ ನಂಬಬಹುದಿತ್ತು ಎಂದು ಆವತ್ತು ಅನಿಸಿತು.

ಕಾಗದ ತೆಗೆದುಕೊಂಡು ನಾನು ಕಿನ್ನಿಗೋಳಿಗೆ ಹೋದದ್ದು ಆ ಬೇಸಿಗೆ ಕಳೆದ ಡಿಸೆಂಬರಿನಲ್ಲಿ. ಬಸ್ಸಿಳಿದು ಅಚ್ಯುತ ಶೆಟ್ಟಿಗಾರರ ಸೋಡಾ ಫ್ಯಾಕ್ಟರಿ ಎಂದರೆ ರಿಕ್ಷಾದವನಿಗೆ ಗೊತ್ತಾಗಲಿಲ್ಲ. ಇನ್ನೊಬ್ಬ ಇಣುಕಿ, "ಓ, ಪ್ಲಾಟಿನಂ ಸೋಡಾವಾ? ಹಾಗೆ ಹೇಳಿ," ಅಂದ. ಮೂವತ್ತೈದು ವರ್ಷದಿಂದ ಊರಲ್ಲಿ ಅವರಿಗೆ ಅದೇ ಹೆಸರು. ಗಲ್ಫಿನಿಂದ ಪ್ಲಾಟಿನಂ ಕದ್ದು ತಂದು ಮಾರಿ ಫ್ಯಾಕ್ಟರಿ ಹಾಕಿದ್ದು ಎಂದು ದಾರಿಯುದ್ದಕ್ಕೂ ರಿಕ್ಷಾದವನು ನನಗೇ ವಿವರಿಸಿದ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ತಮಾಷೆಯಾಗಿ.

ಅಚ್ಯುತಣ್ಣ ಸಣ್ಣ ದೇಹದ, ಚುರುಕು ಕಣ್ಣಿನ ಮನುಷ್ಯ. ಫ್ಯಾಕ್ಟರಿಯ ಹಿಂದೆಯೇ ಮನೆ. ಮಗ ಮುಂದಿನ ಕೋಣೆಯಲ್ಲಿ ಬಾಟಲಿ ತುಂಬಿಸುವ ಸದ್ದು ಕೇಳುತ್ತಿತ್ತು. ನಾನು ಕೊಟ್ಟ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನೀವೇ ಬರೆದದ್ದಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದರು. ಅದರಲ್ಲಿ ಅವರನ್ನು ಕೆಲಸದಿಂದ ತೆಗೆದ ದಿನದ ಕಾಗದ, ಮಡಿಕೆಯಲ್ಲಿ ಹರಿದು ಟೇಪು ಅಂಟಿಸಿದ್ದು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಸೈನು ಹೋಲಿಸಿದರು. ಹೊಸದು ಸ್ವಲ್ಪ ನಡುಗಿತ್ತು, ಆದರೆ ಕೊನೆಯಲ್ಲಿ ಕೆಳಗೆ ಎಳೆದ ಬಾಲ ಒಂದೇ ಥರ.

"ಅವರದ್ದೇ," ಅಂದರು. "ಓದಿ."

ಓದಿದೆ. ಇಂಗ್ಲಿಷಿನ ಒಂದೊಂದು ಸಾಲನ್ನೂ ತುಳುವಿನಲ್ಲಿ ಹೇಳಿದೆ. ಮುಗಿದ ಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, "ಗುಲಾಬೀ, ಸ್ವಲ್ಪ ಇಲ್ಲಿ ಬಾ," ಎಂದು ಹೆಂಡತಿಯನ್ನು ಕರೆದರು. ನನಗೆ, "ಇನ್ನೊಂದ್ಸಲ ಓದಿ. ಸ್ವಲ್ಪ ದೊಡ್ಡಕ್ಕೆ," ಅಂದರು.

ಗುಲಾಬಿಯಕ್ಕ ಒದ್ದೆ ಕೈಯಲ್ಲೇ ಬಂದು ಬಾಗಿಲಿಗೊರಗಿ ನಿಂತರು. ನಾನು ಮತ್ತೆ ಓದಿದೆ. "ಮೂಸೆ ಕುಲುಮೆಯ ಇಟ್ಟಿಗೆಯ ಹಿಂದೆ ಸಿಕ್ಕಿತು. ನೀವು ಅದನ್ನು ತೆಗೆದಿರಲಿಲ್ಲ. ನೀವು ಹೋದ ವರ್ಷವೇ ಇದು ನನಗೆ ಗೊತ್ತಾಗಿತ್ತು. ಹೇಳದೆ ಉಳಿದದ್ದು ನನ್ನ ತಪ್ಪು."

ಸೋಡಾ ತುಂಬಿಸುವ ಸದ್ದು ನಿಂತಿತ್ತು, ಮಗನೂ ಕೇಳುತ್ತಿದ್ದಿರಬೇಕು.

"ನೀವು ತೆಗೆದದ್ದಾ ಅಂತ ನಾನು ಒಂದು ದಿವಸ ಸಹ ಕೇಳಿದವಳಲ್ಲ," ಅಂದರು ಗುಲಾಬಿಯಕ್ಕ.

"ಇಲ್ಲ, ನೀನು ಕೇಳ್ಲಿಲ್ಲ," ಅಂದರು ಅಚ್ಯುತಣ್ಣ. "ಕೇಳಿದ್ದಿದ್ರೆ ಇಲ್ಲ ಅಂತ ಹೇಳ್ಬಹುದಿತ್ತು."

ಗುಲಾಬಿಯಕ್ಕ ಒಳಗೆ ಹೋಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು ಅವರ ಪಕ್ಕದ ಬೆಂಚಿನಲ್ಲಿ ಕೂತರು. ಅಡುಗೆಮನೆಯಲ್ಲಿ ಪಾತ್ರೆಯ ತಳ ಹಿಡಿಯತೊಡಗಿತ್ತು. ಇಬ್ಬರೂ ಏಳಲಿಲ್ಲ. ನಾನೇ ಎದ್ದು ಹೋಗಿ ಗ್ಯಾಸು ಆರಿಸಿ ಬಂದೆ.